ತೇಲುವ ಮರದ ಲೆಕ್ಕ

ನಾರ್ವೆಯ ಕಡಲ ಊರುಗಳಲ್ಲಿ ಹಳೆಯ ಮರದ ದೋಣಿಗಳು ಇಂದಿಗೂ ಕೈ ಬದಲಾಯಿಸುತ್ತಿರುತ್ತವೆ. ಮಾರುವವರು ಹೇಳುವ ವಿವರ ಹೆಚ್ಚುಕಡಿಮೆ ಒಂದೇ ರೀತಿ: ಓಕ್ ಮರದ ಚೌಕಟ್ಟಿನ ಮೇಲೆ ಪೈನ್ ಹಲಗೆ, ಎರಡೂ ತುದಿ ಚೂಪು, ಎರಡು ಕೂವೆಕಂಬ, ಹೊಟ್ಟೆಯಲ್ಲೊಂದು ಡೀಸೆಲ್ ಎಂಜಿನ್. ಹಾಯಿಯೂ ಉಂಟು, ಮೋಟಾರೂ ಉಂಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಓದುಗರಿಗೆ ಇದು ದೂರದ ಮಾತೆನಿಸಬಹುದು. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ತುಂಗಭದ್ರೆ ಇದೆ, ವರದೆ ಇದೆ, ನದಿ ದಾಟಿಸುವ ತೆಪ್ಪ ಇದೆ. ಆ ವಿವರದ ಒಂದೊಂದು ಮಾತಿನ ಹಿಂದೆಯೂ ಇರುವ ವಿಜ್ಞಾನ ನಮ್ಮ ತೆಪ್ಪದ ಹಿಂದೆಯೂ ಇದೆ. ನಾರ್ವೆಯವರು ಅದನ್ನು ಅಳೆದು ಬರೆದಿಟ್ಟರು. ನಮ್ಮಲ್ಲಿ ಅದು ಹೆಣೆಯುವವರ ಕೈಯಲ್ಲೇ ಉಳಿಯಿತು.

ತೆಪ್ಪದಿಂದಲೇ ಶುರುಮಾಡೋಣ. ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥ, ಮುಕ್ತೇಶ್ವರ ದೇವಾಲಯವಿರುವ ಚೌಡದಾನಪುರ, ಕೋಟೆಯ ಊರಾದ ಐರಣಿ, ಇವೆಲ್ಲ ಹೊಳೆದಂಡೆಯ ಊರುಗಳು. ಇಂಥ ಊರುಗಳಲ್ಲಿ ಸೇತುವೆಗೂ ಮೊದಲಿನಿಂದ ಇರುವ ವಾಹನವೆಂದರೆ ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಮಾಡಿದ ತೆಪ್ಪ. ಹಿಂದೆ ಅದರ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇದೇ ತುಂಗಭದ್ರೆಯಲ್ಲಿ ಇವನ್ನು ಕಂಡ. ಒಂದೊಂದರಲ್ಲೂ ಹದಿನೈದಿಪ್ಪತ್ತು ಜನ ಹೋಗುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ಆದರೆ ಇವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಅವನು ಕಂಡದ್ದು ಸರಿ. ಏಕೆ ಸುತ್ತುತ್ತವೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ಏಕೆ ತೇಲುತ್ತವೆ ಎಂಬುದು.

ನೀರಿನಲ್ಲಿ ಇಳಿದ ವಸ್ತು ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ ಎಂಬ ಆರ್ಕಿಮಿಡಿಸನ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಅದನ್ನು ತೆಪ್ಪಕ್ಕೆ ಹಚ್ಚಿ ನೋಡಿದವರು ಕಡಿಮೆ. ಎರಡೂವರೆ ಮೀಟರ್ ಅಗಲದ ತೆಪ್ಪವೊಂದನ್ನು ತೆಗೆದುಕೊಳ್ಳಿ. ಅದರ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ 49 ಲೀಟರ್ ನೀರು ಜಾಗ ಬಿಡಬೇಕು. 49 ಲೀಟರ್ ಎಂದರೆ 49 ಕಿಲೋ. ಅರವತ್ತು ಕಿಲೋದ ಒಬ್ಬ ಮನುಷ್ಯ ಹತ್ತಿದರೆ ತೆಪ್ಪ ಒಂದೂಕಾಲು ಸೆಂಟಿಮೀಟರಿನಷ್ಟು ಇಳಿಯುತ್ತದೆ. ಹನ್ನೆರಡು ಜನ ಹತ್ತಿದರೆ, ತೆಪ್ಪದ ಸ್ವಂತ ತೂಕ ಐವತ್ತು ಕಿಲೋ ಸೇರಿಸಿಯೂ, ಅದು ನೀರಿನಲ್ಲಿ ಮುಳುಗುವುದು ಬರೀ 16 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಬೇಸಿಗೆಯಲ್ಲಿ ತುಂಗಭದ್ರೆ ಬಂಡೆ ಮರಳು ತೋರಿಸಿಕೊಂಡು ಹರಿಯುವಾಗಲೂ ತೆಪ್ಪ ನಡೆಯುತ್ತದಲ್ಲ, ಅದರ ಗುಟ್ಟು ಇದು. ತಳ ಚಪ್ಪಟೆ, ಅಗಲ ಹೆಚ್ಚು, ಹೀಗಾಗಿ ಆಳ ಬೇಕಿಲ್ಲ. ಬಂಡೆಗೆ ತಾಗಿದರೂ ಬಿದಿರು ಬಾಗುತ್ತದೆ, ಮುರಿಯುವುದಿಲ್ಲ.

ನಾರ್ವೆಯ ದೋಣಿಗೆ ಬೇಕಾದದ್ದು ಇದಕ್ಕೆ ವಿರುದ್ಧ. ಅಲ್ಲಿ ಆಳಕ್ಕೆ ಕೊರತೆಯಿಲ್ಲ, ಅಲೆಯದ್ದೇ ಕಾಟ. ಆದ್ದರಿಂದ ದೋಣಿಯ ತಳದುದ್ದಕ್ಕೂ ದಪ್ಪ ಅಡಿಮರವೊಂದು ನೀರಿನೊಳಗೆ ಇಳಿದಿರುತ್ತದೆ. ಅದಕ್ಕೆ ಕಬ್ಬಿಣದ ಭಾರವನ್ನೂ ಜೋಡಿಸುತ್ತಾರೆ. ಅಡಿಮರದ ಕೆಲಸ ಎರಡು. ಭಾರವನ್ನು ಕೆಳಗಿಟ್ಟು ದೋಣಿ ವಾಲಿದಾಗ ಮತ್ತೆ ನೇರ ಮಾಡುವುದು ಒಂದು. ಗಾಳಿ ಪಕ್ಕಕ್ಕೆ ತಳ್ಳಿದರೂ ದೋಣಿ ಜಾರದಂತೆ ನೀರನ್ನು ಹಿಡಿದು ನಿಲ್ಲುವುದು ಇನ್ನೊಂದು. ತೆಪ್ಪಕ್ಕೆ ಅಡಿಮರವಿಲ್ಲ, ಮುಂದು ಹಿಂದು ಇಲ್ಲ, ಆದ್ದರಿಂದ ಹುಟ್ಟು ಹಾಕಿದತ್ತ ತಿರುಗಿಬಿಡುತ್ತದೆ. ಪಾಯೆಸ್ ಕಂಡ ಸುತ್ತಾಟಕ್ಕೆ ಇದೇ ಕಾರಣ. ನುರಿತ ಅಂಬಿಗ ಹುಟ್ಟನ್ನು ಬದಿಗೆ ಹಾಕುವುದಿಲ್ಲ, ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಸೆಳೆಯುತ್ತಾನೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಅಡಿಮರ ಮಾಡಬೇಕಾದ ಕೆಲಸವನ್ನು ಅವನ ತೋಳು ಮಾಡುತ್ತದೆ.

ಇನ್ನು ಮರದ ಮಾತು. ಮರ ತೇಲುತ್ತದೆ ಎಂಬುದು ಅರ್ಧ ಸತ್ಯ. ಮರದ ಕೋಶಗಳ ಗೋಡೆ ಯಾವ ಮರದ್ದಾದರೂ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತೇಲಿಸುವುದು ಕೋಶಗಳ ಒಳಗಿನ ಟೊಳ್ಳು, ಅಲ್ಲಿರುವ ಗಾಳಿ. ಟೊಳ್ಳಿನಲ್ಲಿ ನೀರು ತುಂಬಿಕೊಂಡರೆ ಮರ ಮುಳುಗುತ್ತದೆ. ಬರ್ಮಾದ ಕಾಡುಗಳಲ್ಲಿ ಸಾಗುವಾನಿಯನ್ನು ಕಡಿಯುವ ಮೊದಲು ಬುಡದ ಸುತ್ತ ತೊಗಟೆ ಕೆತ್ತಿ, ನಿಂತಲ್ಲೇ ಒಂದೆರಡು ವರ್ಷ ಒಣಗಲು ಬಿಡುತ್ತಿದ್ದರು. ಹಸಿ ದಿಮ್ಮಿಯನ್ನು ಹೊಳೆಗೆ ತಳ್ಳಿದರೆ ಅದು ತಳ ಸೇರುತ್ತಿತ್ತು.

ಒಣಗಿದ ಮರ ನೀರು ಕುಡಿದಾಗ ಉಬ್ಬುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ನಾರಿನ ಉದ್ದಕ್ಕೆ ಅಳೆದರೆ ವ್ಯತ್ಯಾಸ ಗೊತ್ತೇ ಆಗದಷ್ಟು ಸಣ್ಣದು. ಅಡ್ಡಕ್ಕೆ ಅಳೆದರೆ ನೂರಕ್ಕೆ ಐದರಿಂದ ಹತ್ತರಷ್ಟು ಕೂಡ ಆಗಬಹುದು. ಮರದ ದೋಣಿ ಕಟ್ಟುವವರು ಬದುಕುವುದು ಈ ಒಂದು ಗುಣದ ಮೇಲೆ. ಹಲಗೆ ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಹುರಿಯನ್ನು ಉಳಿಯಿಂದ ಗಿಡಿದು, ಮೇಲೆ ಅಂಟು ಮೆತ್ತಿ, ದೋಣಿಯನ್ನು ನೀರಿಗಿಳಿಸುತ್ತಾರೆ. ಮೊದಲ ಒಂದೆರಡು ದಿನ ಅದು ಸೋರುತ್ತದೆ. ಆಮೇಲೆ ಹಲಗೆಗಳು ಅಡ್ಡಕ್ಕೆ ಉಬ್ಬಿ, ಹತ್ತಿಯನ್ನು ಒತ್ತಿ ಹಿಡಿದು, ಸಂದಿಯನ್ನು ತಾವೇ ಮುಚ್ಚಿಕೊಳ್ಳುತ್ತವೆ. ದಡಕ್ಕೆಳೆದು ಬಿಸಿಲಲ್ಲಿ ಬಿಟ್ಟರೆ ಅದೇ ಹಲಗೆ ಕುಗ್ಗಿ ಸಂದಿ ಬಿಚ್ಚುತ್ತದೆ. ಮರದ ದೋಣಿಗೆ ಬಿಡುವು ಕೊಡುವುದೆಂದರೆ ಅದನ್ನು ಕೊಲ್ಲುವುದು.

ಹಳೆಯ ದೋಣಿ ಕೊಳ್ಳುವವರು ಮೊದಲು ಹುಡುಕುವುದು ತೇವ ಎಲ್ಲಿ ನಿಂತಿದೆ ಎಂಬುದನ್ನು. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲಕ್ಕೆ ಕೈಹಾಕಿ, ಒಂದು ಹಿಡಿ ಮೆಣಸಿನಕಾಯಿ ಒತ್ತಿ ನೋಡಿ ಹಸಿಯೆಷ್ಟು ಒಣಗಿದ್ದೆಷ್ಟು ಎಂದು ಅಂದಾಜು ಕಟ್ಟುವ ವರ್ತಕನ ಕಣ್ಣು ಇಲ್ಲಿಯೂ ಬೇಕು. ತೇವ ಹೆಚ್ಚಿದ್ದರೆ ಮೆಣಸಿನಕಾಯಿಗೆ ಬೂಸಲು ಹಿಡಿಯುತ್ತದೆ. ಮರವನ್ನು ತಿನ್ನುವುದೂ ಶಿಲೀಂಧ್ರವೇ. ಮರದ ತೇವಾಂಶ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಮರ ಪೂರ್ತಿ ನೀರಿನಲ್ಲೇ ಮುಳುಗಿದ್ದರೆ ಗಾಳಿ ಸಿಗದೆ ಆಗಲೂ ಬೆಳೆಯಲಾರದು. ಅಪಾಯವೆಲ್ಲ ನಡುವಿನ ಜಾಗದಲ್ಲಿ: ಮಳೆನೀರು ಇಳಿದು ಆರದೆ ಉಳಿಯುವ ಅಟ್ಟದ ಅಂಚು, ಕಂಬ ನೆಟ್ಟ ಬುಡ, ಗಾಳಿಯಾಡದ ಮೂಲೆ. ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ಹಲಗೆಯುದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಧಪ್ ಎನ್ನುತ್ತದೆ. ಸಂಶಯ ಬಂದಲ್ಲಿ ಚೂಪಾದ ದಬ್ಬಳ ಚುಚ್ಚುತ್ತಾರೆ. ಆಮೇಲೆ ಮೊಳೆಗಳ ಸುತ್ತ ನೋಡುತ್ತಾರೆ. ಓಕ್ ಮರದಲ್ಲಿ ಒಗರು ಹೆಚ್ಚು. ಅದು ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆಯಾಗುತ್ತದೆ, ಮೊಳೆಯೂ ಸವೆಯುತ್ತದೆ, ಸುತ್ತಲಿನ ಮರವೂ ಮೆತ್ತಗಾಗುತ್ತದೆ. ನಮ್ಮ ಸಾಗುವಾನಿಗೆ ಈ ತೊಂದರೆ ಬಹಳ ಕಡಿಮೆ. ಅದರೊಳಗಿನ ಎಣ್ಣೆಯಂಥ ಅಂಶ ಗೆದ್ದಲನ್ನೂ ದೂರವಿಡುತ್ತದೆ.

ಇಲ್ಲೊಂದು ಸೋಜಿಗವಿದೆ. ಕಡಲ ದೋಣಿಗೆ ಉಪ್ಪುನೀರಿಗಿಂತ ಸಿಹಿನೀರೇ ದೊಡ್ಡ ಶತ್ರು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಆದ್ದರಿಂದಲೇ ಹಳೆಯ ಹಡಗು ಕಟ್ಟುವವರು ಚೌಕಟ್ಟಿನ ಸಂದುಗಳಿಗೆ ಉಪ್ಪು ತುಂಬುತ್ತಿದ್ದರು. ಆದರೆ ಉಪ್ಪುನೀರಿನಲ್ಲಿ ಬೇರೊಬ್ಬ ವೈರಿ ಇದ್ದಾನೆ, ಹಡಗುಹುಳು. ಹೆಸರಿಗೆ ಹುಳು, ನಿಜಕ್ಕೆ ಅದು ಚಿಪ್ಪುಮೀನಿನ ಬಳಗದ ಜೀವಿ. ತನ್ನ ಪುಟ್ಟ ಚಿಪ್ಪುಗಳಿಂದ ಮರ ಕೊರೆಯುತ್ತಾ ಒಳಗೇ ಬೆಳೆಯುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯೆಲ್ಲ ಜರಡಿ. ಕರಾವಳಿಯ ಮೀನುಗಾರರು ದೋಣಿಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದುದು ಇದನ್ನೆಲ್ಲ ತಡೆಯಲೆಂದೇ. ಸಿಹಿನೀರಿನಲ್ಲಿ ಹಡಗುಹುಳು ಸಾಮಾನ್ಯವಾಗಿ ಬದುಕುವುದಿಲ್ಲ. ಉಪ್ಪು ಕಡಿಮೆಯಿರುವ ಬಾಲ್ಟಿಕ್ ಸಮುದ್ರದಲ್ಲೂ ಅದರ ಆಟ ನಡೆಯದು. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದಾಗ ಅದರ ಮರದ ಮೈ ಬಹುಪಾಲು ಇದ್ದಂತೆಯೇ ಇತ್ತು. ಕಾರವಾರದ ಸಮುದ್ರದಲ್ಲಿ ಮುಳುಗಿದ್ದರೆ ಅದರ ಗುರುತೂ ಸಿಗುತ್ತಿರಲಿಲ್ಲ.

ನಾರ್ವೆಯ ದೋಣಿಗಳ ಮಾತೆತ್ತಿದರೆ ಕಾಲಿನ್ ಆರ್ಚರ್ ಹೆಸರು ಬಿಡುವಂತಿಲ್ಲ. 1832ರಲ್ಲಿ ಲಾರ್ವಿಕ್‌ನಲ್ಲಿ ಹುಟ್ಟಿದ, ಸ್ಕಾಟ್ಲೆಂಡಿನಿಂದ ಬಂದ ಮನೆತನದವನು. ಬಿರುಗಾಳಿಯಲ್ಲಿ ಸಿಕ್ಕ ಮೀನುಗಾರರನ್ನು ಕಾಪಾಡಲು ಅವನು ರೂಪಿಸಿದ, ಮುಂದೂ ಹಿಂದೂ ಚೂಪಾದ ರಕ್ಷಣಾ ದೋಣಿಗಳು ಪ್ರಸಿದ್ಧವಾದವು. ಹಿಂದಿನಿಂದ ಬರುವ ಅಲೆ ಚೂಪಾದ ತುದಿಗೆ ಬಡಿದು ಸೀಳಿಹೋಗುತ್ತದೆ, ಚಪ್ಪಟೆ ಹಿಂಬದಿಗೆ ಬಡಿದಂತೆ ದೋಣಿಯನ್ನು ಎತ್ತಿ ತಿರುಗಿಸುವುದಿಲ್ಲ. ಅವನದೇ ಹೆಸರು ಹೊತ್ತ ಮೊದಲ ರಕ್ಷಣಾ ದೋಣಿ 1893ರದು. ಅದು ಈಗಲೂ ಇದೆ. ಅದಕ್ಕೂ ಒಂದು ವರ್ಷ ಮೊದಲು, 1892ರ ಅಕ್ಟೋಬರ್‌ನಲ್ಲಿ, ಫ್ರಿಟ್ಯೋಫ್ ನಾನ್ಸೆನ್‌ನ ಉತ್ತರ ಧ್ರುವ ಯಾತ್ರೆಗೆಂದು ಆರ್ಚರ್ ಕಟ್ಟಿದ ಫ್ರಾಮ್ ಹಡಗು ನೀರಿಗಿಳಿಯಿತು. ಉದ್ದ 39 ಮೀಟರ್, ಅಗಲ 11 ಮೀಟರ್, ಬದಿಯ ಮರ ಅರ್ಧ ಮೀಟರಿಗಿಂತ ದಪ್ಪ. ತಳವನ್ನು ಅವನು ಬೇಕೆಂದೇ ಗುಂಡಗೆ ಮಾಡಿದ. ಹಿಮ ಎರಡೂ ಕಡೆಯಿಂದ ಒತ್ತಿದಾಗ ಹಡಗು ಪುಡಿಯಾಗದೆ ಮೇಲಕ್ಕೆ ಜಾರಬೇಕು ಎಂಬುದು ಲೆಕ್ಕ. 1893ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಫ್ರಾಮ್ 1896ರಲ್ಲಿ ಸುರಕ್ಷಿತವಾಗಿ ಹೊರಬಂತು. ತೆರೆದ ಕಡಲಲ್ಲಿ ಮಾತ್ರ ಅದು ವಿಪರೀತ ಹೊಯ್ದಾಡುತ್ತಿತ್ತು. ಒಂದು ನೀರಿಗೆ ಹೊಂದಿದ ಆಕಾರ ಇನ್ನೊಂದಕ್ಕೆ ಹೊಂದುವುದಿಲ್ಲ.

ಆರ್ಚರ್‌ನ ಆಕಾರ ಭಾರತಕ್ಕೂ ಬಂದಿದೆ, ಅದೂ ಸಾಗುವಾನಿಯಲ್ಲಿ. ಅವನ ರಕ್ಷಣಾ ದೋಣಿಯಿಂದ ಹುಟ್ಟಿದ ಅಮೆರಿಕದ ನಕ್ಷೆಯೊಂದನ್ನು ಇಟ್ಟುಕೊಂಡು 1960ರ ದಶಕದಲ್ಲಿ ಮುಂಬಯಿಯಲ್ಲಿ ಕಟ್ಟಿದ ದೋಣಿ ಸುಹೈಲಿ. ಉದ್ದ 32 ಅಡಿ ಮಾತ್ರ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್‌ನಲ್ಲಿ ಇಂಗ್ಲೆಂಡ್ ಬಿಟ್ಟು, ಒಬ್ಬನೇ, ಎಲ್ಲಿಯೂ ನಿಲ್ಲದೆ ಜಗತ್ತು ಸುತ್ತಿ 1969ರ ಏಪ್ರಿಲ್ 22ರಂದು ಮರಳಿದ್ದು ಇದರಲ್ಲೇ. ಹಾಗೆ ಸುತ್ತಿದವರಲ್ಲಿ ಅವನೇ ಮೊದಲಿಗ. ಮುಂಬಯಿಯ ಬಡಗಿಗಳ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಹಾಯಿಯ ಜತೆ ಮೋಟಾರೇಕೆ? ದೋಣಿ ಮುಂದೆ ಹೋಗುವಾಗ ಮೂತಿಯಲ್ಲೊಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದವೂ ದೋಣಿಯ ಉದ್ದವೂ ಸಮವಾದಾಗ ದೋಣಿ ತಾನೇ ತೋಡಿದ ತಗ್ಗಿನಲ್ಲಿ ಕೂತುಬಿಡುತ್ತದೆ. ಅದಕ್ಕಿಂತ ಜೋರಾಗಿ ಹೋಗಬೇಕೆಂದರೆ ಮುಂದಿನ ಅಲೆಯ ದಿಬ್ಬ ಹತ್ತಬೇಕು. ನೀರಿನ ಮಟ್ಟದಲ್ಲಿ 12 ಮೀಟರ್ ಉದ್ದವಿರುವ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 15 ಕಿಲೋಮೀಟರ್. ಅದರಾಚೆ ಎಷ್ಟು ಎಣ್ಣೆ ಸುರಿದರೂ ವ್ಯರ್ಥ. ಆದ್ದರಿಂದ ಇಂಥ ದೋಣಿಗೆ ಸಣ್ಣ ಎಂಜಿನ್ ಸಾಕು. ಮಿತಿಯ ಮುಕ್ಕಾಲು ವೇಗದಲ್ಲಿ ಹೋದರೆ ಅರ್ಧಕ್ಕಿಂತ ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಯುತ್ತದೆ. ಗಾಳಿ ಬಿದ್ದಾಗ, ಇಕ್ಕಟ್ಟಾದ ಬಂದರು ಹೊಗುವಾಗ ಎಂಜಿನ್. ಗಾಳಿ ಇದ್ದಾಗ ಹಾಯಿ. ಎಂಜಿನ್ ಓಡುತ್ತಿರುವಾಗಲೂ ಹಾಯಿ ಬಿಚ್ಚಿಟ್ಟರೆ ಅದು ಗಾಳಿಗೆ ಒರಗಿ ನಿಂತು ಹೊಯ್ದಾಟ ಕಡಿಮೆ ಮಾಡುತ್ತದೆ.

ನಮ್ಮ ಕಡೆಗೆ ಬರೋಣ. ಹಾವೇರಿಯಿಂದ ಹಾನಗಲ್, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ ಬಂದರು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟೆಗೆ ಇಳಿದು, ಅಲ್ಲಿಂದ ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಆ ಸೀಮೆಯ ಭಾಗ. ಹತ್ತಿ ಹಾದುಹೋದ ಬಂದರಿನ ಹೆಸರು ಹತ್ತಿಗೇ ಅಂಟಿ, ನಮ್ಮ ನಾಟಿ ತಳಿ ವ್ಯಾಪಾರದಲ್ಲಿ ಕುಮಟಾ ಹತ್ತಿ ಎನಿಸಿಕೊಂಡಿತು. ಹತ್ತಿ ದೋಣಿಗೆ ಕಷ್ಟದ ಸರಕು. ಜಾಗ ಬೇಗ ತುಂಬುತ್ತದೆ, ತೂಕ ಬರುವುದಿಲ್ಲ. ಮೇಲೆ ಮೇಲೆ ಪೇರಿಸಿದಷ್ಟೂ ದೋಣಿಯ ಗುರುತ್ವಕೇಂದ್ರ ಏರುತ್ತದೆ. ಹಿಂಡಿ ಅಂಡಿಗೆ ಕಟ್ಟುವುದು ಜಾಗ ಉಳಿಸಲು ಮಾತ್ರವಲ್ಲ, ದೋಣಿ ಮಗುಚದಿರಲೂ ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಡಳಿತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರು ಮಾಡುವ ಆಸೆ ಇತ್ತು. 1880ರ ದಶಕದಲ್ಲಿ ರೈಲು ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಹಳಿಯ ಮೇಲಿನ ನಿಲ್ದಾಣಗಳಾದವು, ಹತ್ತಿ ಘಟ್ಟ ಇಳಿಯುವುದು ನಿಂತಿತು.

ನಾರ್ವೆಯ ದೋಣಿವಿದ್ಯೆ ಕನ್ನಡ ಕರಾವಳಿಗೆ ನೇರವಾಗಿ ಬಂದದ್ದು ಇನ್ನೂ ತಡವಾಗಿ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡು, ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಮೀನುಗಾರಿಕೆ ಯೋಜನೆ ಶುರುವಾಯಿತು. ಅದು 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು. ಮೊದಲು ಅವರು ಸ್ಥಳೀಯ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿದರು, ಆಗಲಿಲ್ಲ. ಮರಳ ದಂಡೆಗೆ ಎಳೆದು ನಿಲ್ಲಿಸುವ ದೋಣಿಯ ತಳಕ್ಕೆ ತಿರುಗುವ ಪಂಖ ಕಟ್ಟಿದರೆ ದಂಡೆಗೆ ತರುವುದು ಹೇಗೆ? ಕಡೆಗೆ ಎಂಜಿನ್ನಿಗೆಂದೇ ಹೊಸ ಮರದ ದೋಣಿಗಳನ್ನು ರೂಪಿಸಿ ಕಟ್ಟಿದರು. ಯೋಜನೆ ಬಡ ಮೀನುಗಾರರಿಗೆಂದು ಹೊರಟು ಸಿಗಡಿ ರಫ್ತಿನ ಕಡೆಗೆ ತಿರುಗಿತು. ಅದರ ಲಾಭ ನಷ್ಟಗಳ ಚರ್ಚೆ ಇನ್ನೂ ಮುಗಿದಿಲ್ಲ. ಈಗ ಮರ ಸಿಗುವುದು ಕಷ್ಟವಾಗಿ, ಕರಾವಳಿಯಲ್ಲಿ ಉಕ್ಕು ಮತ್ತು ಫೈಬರ್ ದೋಣಿಗಳೇ ಹೆಚ್ಚುತ್ತಿವೆ.

ನದಿಯ ತೆಪ್ಪಕ್ಕೆ ಮಾತ್ರ ಈ ಯಾವ ವಿದ್ಯೆಯೂ ತಲುಪಲಿಲ್ಲ. ನನಗೆ ಬೇಸರವಿರುವುದು ಇಲ್ಲಿ. ಮೇಲೆ ಹೇಳಿದ ಎರಡೂವರೆ ಮೀಟರ್ ತೆಪ್ಪವನ್ನೇ ಮತ್ತೆ ತೆಗೆದುಕೊಳ್ಳಿ, ಎತ್ತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹನ್ನೆರಡು ಜನ ನಿಂತಿದ್ದಾರೆ. ಏನನ್ನೋ ನೋಡಲು ಎಲ್ಲರೂ ಸುಮಾರು ಎರಡಡಿ, ಅಂದರೆ 60 ಸೆಂಟಿಮೀಟರ್ ಒಂದೇ ಬದಿಗೆ ಸರಿದರು. ಲೆಕ್ಕದ ಪ್ರಕಾರ ತೆಪ್ಪ 19 ಡಿಗ್ರಿ ವಾಲುತ್ತದೆ. ಅಂಚು ನೀರಿಗೆ ತಾಗುವುದು 20 ಡಿಗ್ರಿಗೆ. ಉಳಿದದ್ದು ಒಂದೇ ಡಿಗ್ರಿ, ಒಂದು ಸಣ್ಣ ಅಲೆ ಸಾಕು. ಅದೇ ಹನ್ನೆರಡು ಜನ ತಳದಲ್ಲಿ ಕೂತಿದ್ದರೆ ವಾಲುವುದು 14 ಡಿಗ್ರಿ ಮಾತ್ರ. ಕೂತಾಗ ಗುರುತ್ವಕೇಂದ್ರ ಕೆಳಗಿಳಿಯುವುದೇ ಕಾರಣ. ಈಗ ಹದಿನೆಂಟು ಜನರನ್ನು ಹತ್ತಿಸಿ. ತೆಪ್ಪ 23 ಸೆಂಟಿಮೀಟರ್ ಇಳಿಯುತ್ತದೆ, ದಂಡೆಯಿಂದ ನೋಡಿದರೆ ಇನ್ನೂ ಬೇಕಾದಷ್ಟು ಅಂಚು ಮೇಲಿದೆ ಎನಿಸುತ್ತದೆ. ಆದರೆ ಅಂಚು ನೀರಿಗೆ ತಾಗುವ ಕೋನ 16 ಡಿಗ್ರಿಗೆ ಇಳಿದಿರುತ್ತದೆ. ಅಷ್ಟೇ ಸರಿದಾಟಕ್ಕೆ ನಿಂತವರಿದ್ದರೆ ತೆಪ್ಪ 30 ಡಿಗ್ರಿಯನ್ನೂ ದಾಟಿ ವಾಲಬೇಕು, ಕೂತವರಿದ್ದರೂ 20 ಡಿಗ್ರಿ. ಎರಡರಲ್ಲೂ ನೀರು ಒಳಗೆ ನುಗ್ಗುತ್ತದೆ. ಒಂದೂವರೆ ಪಟ್ಟು ಜನ ಹತ್ತಿದರೆ ಅಪಾಯ ಒಂದೂವರೆ ಪಟ್ಟಾಗುವುದಿಲ್ಲ, ಉಳಿವೇ ಇಲ್ಲದ ಸ್ಥಿತಿ ಬರುತ್ತದೆ. ಇದು ನಿಂತ ನೀರಿನ ಲೆಕ್ಕ. ಶ್ರಾವಣದ ತುಂಗಭದ್ರೆಯ ಸೆಳವನ್ನು ಇದರಲ್ಲಿ ಸೇರಿಸಿಲ್ಲ.

ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸೊಲ್ ಎಂಬ ಸಂಸದ ವರ್ಷಗಟ್ಟಲೆ ಹೋರಾಡಿ, ಹಡಗಿನ ಮೈಮೇಲೆ ಭಾರದ ಗೆರೆ ಕಡ್ಡಾಯ ಮಾಡುವ ಕಾನೂನನ್ನು 1876ರಲ್ಲಿ ತಂದ. ಆ ಗೆರೆ ನೀರಿನಲ್ಲಿ ಮುಳುಗಿತೆಂದರೆ ಹಡಗು ಹೊರಡುವಂತಿಲ್ಲ. ಇಂಥ ಗೆರೆಯನ್ನು ನಮ್ಮ ತೆಪ್ಪಕ್ಕೂ ಹಾಕಬಹುದು, ಖರ್ಚು ಒಂದು ಡಬ್ಬಿ ಬಣ್ಣದ್ದು. ದಂಡೆಯ ಬಳಿ ಆಳವಿಲ್ಲದ ಕಡೆ ಎಂಟು ಜನರನ್ನು ತಳದಲ್ಲಿ ಕೂರಿಸಿ, ನೀರು ಎಲ್ಲಿಗೆ ಬರುತ್ತದೋ ಅಲ್ಲಿ ಸುತ್ತಲೂ ಬಿಳಿ ಗೆರೆ ಎಳೆಯಿರಿ. ಎರಡೂವರೆ ಮೀಟರ್ ತೆಪ್ಪಕ್ಕಾದರೆ ಅದು ತಳದಿಂದ ಸುಮಾರು 11 ಸೆಂಟಿಮೀಟರ್ ಮೇಲೆ ಬೀಳುತ್ತದೆ. ತೆಪ್ಪ ಸಣ್ಣದಾದರೆ ಜನರನ್ನೂ ಕಡಿಮೆ ಮಾಡಿ. ಹೊಳೆದಂಡೆಯ ಊರುಗಳ ಪಂಚಾಯಿತಿ ಸದಸ್ಯರಲ್ಲಿ, ಅಲ್ಲಿನ ಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ಈ ಬೇಸಿಗೆಯಲ್ಲಿ ನಿಮ್ಮೂರಿನ ತೆಪ್ಪಗಳನ್ನು ಮಕ್ಕಳಿಂದ ಅಳೆಸಿ, ಅಂಬಿಗರನ್ನು ಜತೆಗಿಟ್ಟುಕೊಂಡು ಗೆರೆ ಹಾಕಿಸಿ. ಗೆರೆ ಮುಳುಗಿದ ತೆಪ್ಪಕ್ಕೆ ಯಾರೂ ಹತ್ತಬೇಡಿ, ಹತ್ತಿದ ಮೇಲೆ ನಿಲ್ಲಬೇಡಿ.